ಇಲಿ ಅಳುವುದು ಯಾಕೆ? ಒಂದು ಗೊಂಬೆ ಸಿನಿಮಾ ಕಳೆದುಕೊಂಡ ಹಾಡಿನ ಪ್ರಕರಣ

ಹಿಮ ಬಿದ್ದ ತೋಟದಲ್ಲಿ ಒಬ್ಬ ಯುವಕ, ಒಬ್ಬಳು ಯುವತಿ ಮಾತಾಡುತ್ತಿದ್ದಾರೆ. ಹಾಕಿದ ದುಡ್ಡಿಗೆ ಇನ್ನೂ ತಕ್ಕ ಲಾಭ ಬಂದಿಲ್ಲ, ಮದುವೆ ಮುಂದಕ್ಕೆ ಹೋಗಲಿ ಅನ್ನುತ್ತಾನೆ ಅವನು. ಕಾದು ಕಾದು ಅವಳಿಗೆ ಸಾಕಾಗಿದೆ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ, ಬೆಲ್’ ಅಂದರೆ ಅವಳು ಕೊಡುವ ಉತ್ತರ ಒಂದೇ ಸಾಲು: ‘ಹೌದು, ಒಂದು ಕಾಲಕ್ಕೆ ಪ್ರೀತಿಸುತ್ತಿದ್ದೆ ನೀನು.’ ಮರುಗಳಿಗೆಯಲ್ಲಿ ನೋಡಿದರೆ ರಿಝೋ ಎಂಬ ಇಲಿ ಗೊಂಬೆ ಬಿಕ್ಕಿ ಬಿಕ್ಕಿ ಅಳುತ್ತಿದೆ. ಪಕ್ಕದಲ್ಲಿರುವ ಗಾಂಜೊ ಎಂಬ ಇನ್ನೊಂದು ಗೊಂಬೆ ಅದನ್ನು ಸಮಾಧಾನ ಮಾಡುತ್ತಿದೆ.

‘ದ ಮಪೆಟ್ ಕ್ರಿಸ್ಮಸ್ ಕ್ಯಾರಲ್’ ಸಿನಿಮಾವನ್ನು ಮೊದಲ ಸಲ ನೋಡಿದಾಗ ನಾನು ಎಡವಿದ್ದು ಇಲ್ಲೇ. ಎರಡು ಮಾತಿನ ಜಗಳಕ್ಕೆ ಇಷ್ಟೊಂದು ಅಳುವೇ ಅನ್ನಿಸಿತು. ಇಲಿ ನೋಡಿದ್ದು ಏನೋ ನನಗೆ ಕಾಣಲಿಲ್ಲ ಎಂಬ ಗುಮಾನಿ ಉಳಿಯಿತು. ಆಮೇಲೆ ಒಂದು ರಾತ್ರಿ ಅದೇ ಸಿನಿಮಾದ ಹಾಡುಗಳ ಆಲ್ಬಮ್ ಕೇಳುತ್ತಾ ಕೂತಿದ್ದಾಗ, ನಡುವೆ ನಾನು ಕಂಡರಿಯದ ಒಂದು ಹಾಡು ಬಂತು. ಹೆಣ್ಣು ದನಿ, ನಿಧಾನದ ರಾಗ, ಬಿಟ್ಟು ಹೋಗುವವಳ ಮಾತು. ಇಲಿಯ ಅಳುವಿಗೆ ಕಾರಣ ಅಲ್ಲಿತ್ತು. ಸಿನಿಮಾದಿಂದ ತೆಗೆದ ಹಾಡು ಆಲ್ಬಮ್‌ನಲ್ಲಿ ಇಡಿಯಾಗಿ ಉಳಿದಿತ್ತು.

ಸಿನಿಮಾಕ್ಕಿಂತ ಆಲ್ಬಮ್ಮೇ ಕಥೆಯನ್ನು ಪೂರ್ತಿಯಾಗಿ ಹೇಳುವುದು ಅಪರೂಪ. ಹಾಗಾಗಿದ್ದು ಹೇಗೆ, ಅದರಲ್ಲಿ ಯಾರ ಯಾರ ಪಾಲು ಎಷ್ಟು ಎಂದು ಒಂದೊಂದಾಗಿ ಬಿಡಿಸಿ ನೋಡಿದ್ದೇನೆ.

ಎರಡು ಸಾವುಗಳ ನಂತರ

ಮಪೆಟ್ ಗೊಂಬೆಗಳ ಜನಕ ಜಿಮ್ ಹೆನ್ಸನ್. 1955ರಲ್ಲಿ ಅಮ್ಮನ ಹಳೇ ಕೋಟಿನ ಬಟ್ಟೆ ಕತ್ತರಿಸಿ, ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣಿಟ್ಟು ಅವನು ಹೊಲಿದ ಗೊಂಬೆಯೇ ಮುಂದೆ ಕರ್ಮಿಟ್ ಎಂಬ ಕಪ್ಪೆಯಾಯಿತು. 35 ವರ್ಷ ಆ ಕಪ್ಪೆಯ ಒಳಗಿದ್ದದ್ದು ಅವನದೇ ಕೈ, ಅವನದೇ ಗಂಟಲು. 1990ರ ಮೇ 16ರಂದು, 53ನೇ ವಯಸ್ಸಿನಲ್ಲಿ, ಸ್ಟ್ರೆಪ್ಟೊಕಾಕಸ್ ಸೋಂಕು ಮೈಗೇರಿ ಕೆಲವೇ ದಿನಗಳಲ್ಲಿ ಹೆನ್ಸನ್ ತೀರಿಕೊಂಡ. 1992ರ ಜನವರಿಯಲ್ಲಿ ಅದೇ ತಂಡದ ರಿಚರ್ಡ್ ಹಂಟ್ ಕೂಡ ಹೋದ, ಅವನಿಗಿನ್ನೂ 40. ಬಾಲ್ಕನಿಯಲ್ಲಿ ಕೂತು ಎಲ್ಲರನ್ನೂ ಹಳಿಯುವ ಸ್ಟಾಟ್ಲರ್ ಮತ್ತು ವಾಲ್ಡಾರ್ಫ್ ಎಂಬ ಇಬ್ಬರು ಮುದುಕರಿದ್ದಾರಲ್ಲ, ಅವರಲ್ಲಿ ಸ್ಟಾಟ್ಲರ್ ಹಂಟ್‌ನ ಗೊಂಬೆ, ವಾಲ್ಡಾರ್ಫ್ ಹೆನ್ಸನ್‌ನ ಗೊಂಬೆ. ಎರಡು ವರ್ಷದೊಳಗೆ ಆ ಜೋಡಿಯ ಎರಡೂ ದನಿ ನಿಂತಿತು.

ಇಂಥ ಹೊತ್ತಿನಲ್ಲಿ ಜಿಮ್‌ನ ಮಗ ಬ್ರಯಾನ್ ಹೆನ್ಸನ್ ತನ್ನ ಮೊದಲ ಸಿನಿಮಾ ನಿರ್ದೇಶಿಸಲು ನಿಂತ. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಆರಿಸಿಕೊಂಡದ್ದು ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ಕ್ರಿಸ್ಮಸ್ ಕಥೆ. ಸ್ಕ್ರೂಜ್ ಎಂಬ ಮುದಿ ಜಿಪುಣನಿಗೆ ಭೂತಗಳು ಬಂದು ಅವನ ಹಿಂದಿನ, ಇಂದಿನ, ಮುಂದಿನ ದಿನಗಳನ್ನು ತೋರಿಸಿ ಮನಸ್ಸು ಕರಗಿಸುತ್ತವೆ. ಹಿಮದ ತೋಟದ ಆ ಯುವಕ ಈ ಸ್ಕ್ರೂಜ್‌ನೇ. ಚಿತ್ರಕಥೆ ಮಪೆಟ್ ತಂಡದ ಹಳೇ ಬರಹಗಾರ ಜೆರ್ರಿ ಜೂಲ್‌ನದು. ಜಿಪುಣ ಸ್ಕ್ರೂಜ್ ಆಗಿ ಬ್ರಿಟಿಷ್ ನಟ ಮೈಕಲ್ ಕೇನ್, ಗುಮಾಸ್ತ ಬಾಬ್ ಕ್ರ್ಯಾಚಿಟ್ ಆಗಿ ಕರ್ಮಿಟ್, ಅವನ ಹೆಂಡತಿಯಾಗಿ ಮಿಸ್ ಪಿಗ್ಗಿ, ಕಾಯಿಲೆಯ ಮಗು ಟೈನಿ ಟಿಮ್ ಆಗಿ ಪುಟ್ಟ ಕಪ್ಪೆ ರಾಬಿನ್. ಕಥೆ ಹೇಳುವ ಡಿಕನ್ಸ್ ಪಾತ್ರ ಗಾಂಜೊಗೆ, ಅದರ ಬಾಲಂಗೋಚಿಯಾಗಿ ರಿಝೋ ಇಲಿ. ಚಿತ್ರೀಕರಣ ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೋದಲ್ಲಿ, ಬಿಡುಗಡೆ ಡಿಸ್ನಿ ಮೂಲಕ 1992ರ ಡಿಸೆಂಬರ್ 11ರಂದು.

ಕೇನ್ ಪಟ್ಟು ಹಿಡಿದದ್ದು ಒಂದೇ ವಿಷಯಕ್ಕೆ. ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ನಟರೊಂದಿಗೆ ನಟಿಸುವಷ್ಟೇ ಗಂಭೀರವಾಗಿ ತಾನು ಗೊಂಬೆಗಳೊಂದಿಗೆ ನಟಿಸುತ್ತೇನೆ, ತಮಾಷೆಯ ಒಂದು ಎಳೆಯೂ ತನ್ನ ಮುಖದಲ್ಲಿ ಇಣುಕಬಾರದು ಎಂದ. ಮಾತು ಉಳಿಸಿಕೊಂಡ. ಸೆಟ್ಟಿನ ನೆಲವನ್ನು ಅಲ್ಲಲ್ಲಿ ತೆರೆದು, ಆಡಿಸುವವರೆಲ್ಲ ಕೆಳಗೆ ನಿಂತು ಕೈ ಮೇಲೆತ್ತಿರುತ್ತಿದ್ದರು. ಅವರ ತಲೆಗಳ ನಡುವೆ ಹಾಸಿದ ಕಿರಿದಾದ ಹಲಗೆಗಳ ಮೇಲೆ ಕೇನ್ ನಡೆಯಬೇಕಿತ್ತು, ಅದೂ ಕಾಲ ಕಡೆ ನೋಡದೆ, ಎದುರಿನ ಕಪ್ಪೆಯ ಕಣ್ಣಲ್ಲಿ ಕಣ್ಣಿಟ್ಟು.

ಮೊದಲು ಹಾಡು, ಆಮೇಲೆ ಕೈ

ಸಿನಿಮಾದಲ್ಲಿಲ್ಲದ ಹಾಡು ಆಲ್ಬಮ್‌ನಲ್ಲಿ ಇರಲು ಕಾರಣ ಗೊಂಬೆ ಸಿನಿಮಾದ ಕೆಲಸದ ಕ್ರಮದಲ್ಲೇ ಇದೆ.

ಮಪೆಟ್‌ಗಳಲ್ಲಿ ಗೊಂಬೆ ಆಡಿಸುವವನೂ ಮಾತಾಡುವವನೂ ಹಾಡುವವನೂ ಒಬ್ಬನೇ. ನಮ್ಮ ಕರಾವಳಿಯ ಉಪ್ಪಿನಕುದ್ರು ಗೊಂಬೆಯಾಟದಲ್ಲಿ ಭಾಗವತರು ಪದ ಹೇಳುತ್ತಾರೆ, ಸೂತ್ರ ಹಿಡಿದವರು ಕುಣಿಸುತ್ತಾರೆ. ಹಾಡು ಒಬ್ಬರದು, ಕುಣಿತ ಇನ್ನೊಬ್ಬರದು. ಮಪೆಟ್‌ಗಳಲ್ಲಿ ಹಾಗಲ್ಲ. ಒಂದು ಕೈ ಗೊಂಬೆಯ ತಲೆಯೊಳಗೆ, ಇನ್ನೊಂದು ಕೈಯಲ್ಲಿ ಗೊಂಬೆಯ ತೋಳಿಗೆ ಕಟ್ಟಿದ ಕಡ್ಡಿ, ಕಣ್ಣು ಕೆಳಗಿಟ್ಟ ಮಾನಿಟರ್ ಮೇಲೆ. ಬಾಯಿ ಆಡಿಸುವುದಕ್ಕೂ ಒಂದು ಪಾಠವಿದೆ. ಪ್ರತಿ ಅಕ್ಷರಕ್ಕೆ ಹೆಬ್ಬೆರಳು ಕೆಳಗಿಳಿಯಬೇಕು, ಮೇಲಿನ ನಾಲ್ಕು ಬೆರಳು ಅಲುಗಬಾರದು. ಬೆರಳು ಮೇಲೆದ್ದರೆ ಗೊಂಬೆಯ ತಲೆ ಹಿಂದಕ್ಕೆ ವಾಲಿ ನೋಟ ಆಕಾಶಕ್ಕೆ ಹೋಗುತ್ತದೆ, ಜೀವ ಹೋದಂತೆ ಕಾಣುತ್ತದೆ. ಈಗಲೇ ನಿಮ್ಮ ಕೈಯನ್ನು ಬಾಯಿಯ ಹಾಗೆ ಮಡಚಿ ‘ಅ ಆ ಇ ಈ’ ಹೇಳಿಸಿ ನೋಡಿ. ನಾಲ್ಕು ಬೆರಳು ಕದಲದಂತೆ ಹಿಡಿಯುವುದು ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ಮಾತನ್ನು ಅವರು ಸೆಟ್ಟಿನಲ್ಲಿ, ತಲೆಗೆ ಕಟ್ಟಿದ ಮೈಕಿಗೆ ಅಲ್ಲಲ್ಲೇ ಆಡುತ್ತಾರೆ. ಹಾಡು ಮಾತ್ರ ಮೊದಲೇ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿರುತ್ತದೆ. ಸೆಟ್ಟಿನಲ್ಲಿ ಅದನ್ನು ಜೋರಾಗಿ ಹಾಕಿ, ಗೊಂಬೆಯ ಬಾಯಿಯನ್ನು ಅದಕ್ಕೆ ಹೊಂದಿಸುತ್ತಾರೆ. ಅಂದರೆ ಕ್ಯಾಮೆರಾ ಎದುರು ಗೊಂಬೆ ಬರುವ ಮೊದಲೇ ಹಾಡುಗಳು ಹುಟ್ಟಿ ಬೆಳೆದು ನಿಂತಿರುತ್ತವೆ. ಆಮೇಲೆ ಕತ್ತರಿ ಆಡುವುದು ಚಿತ್ರದ ಮೇಲೆ. ಕನ್ನಡದ ಕ್ಯಾಸೆಟ್ ಕಾಲದವರಿಗೆ ಇದು ಹೊಸದಲ್ಲ. ಥಿಯೇಟರಿನಲ್ಲಿ ಬಾರದ ಹಾಡು ಕ್ಯಾಸೆಟ್ಟಿನ ಬಿ ಸೈಡಿನಲ್ಲಿ ಸಿಕ್ಕಿದ ನೆನಪು ನಮ್ಮಲ್ಲಿ ಎಷ್ಟೋ ಜನರಿಗೆ ಇದೆ.

ಆಲ್ಬಮ್ ಕೇಳುವಾಗ

ಹಾಡುಗಳನ್ನು ಬರೆದವನು ಪಾಲ್ ವಿಲಿಯಮ್ಸ್. ಕಾರ್ಪೆಂಟರ್ಸ್ ಎಂಬ ಅಮೆರಿಕದ ಗಾಯಕ ಜೋಡಿ ಹಾಡಿದ ಹಲವು ಜನಪ್ರಿಯ ಗೀತೆಗಳ ಸಾಹಿತ್ಯ ಅವನದು. 1979ರ ಮೊದಲ ಮಪೆಟ್ ಸಿನಿಮಾಕ್ಕೆ ಕೆನ್ನಿ ಆಶರ್ ಜೊತೆ ಸೇರಿ ಹಾಡು ಕಟ್ಟಿದವನೂ ಅವನೇ. ಕರ್ಮಿಟ್ ಬ್ಯಾಂಜೊ ಹಿಡಿದು ಜೌಗಿನಲ್ಲಿ ಕೂತು ಹಾಡುವ ‘ರೇನ್‌ಬೋ ಕನೆಕ್ಷನ್’ ಆಸ್ಕರ್ ನಾಮನಿರ್ದೇಶನದ ತನಕ ಹೋಗಿತ್ತು. ಆಮೇಲಿನ ವರ್ಷಗಳಲ್ಲಿ ಕುಡಿತ ಮತ್ತು ಮಾದಕ ಅವನನ್ನು ಹಿಂಡಿ ಹಾಕಿದವು. 1990ರಲ್ಲಿ ಅವೆರಡನ್ನೂ ಬಿಟ್ಟ. ಬಿಟ್ಟ ಮೇಲೆ ಕೈಗೆ ಬಂದ ಮೊದಮೊದಲ ದೊಡ್ಡ ಕೆಲಸಗಳಲ್ಲಿ ಇದು ಒಂದು. ಒಂದೇ ರಾತ್ರಿಯಲ್ಲಿ ಕಲ್ಲಿನಂಥ ಮನುಷ್ಯ ಕರಗುವ ಕಥೆ ತನ್ನದೇ ಕಥೆಗೆ ಹತ್ತಿರವಿತ್ತು ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಕೊನೆಯಲ್ಲಿ ಸ್ಕ್ರೂಜ್ ಬೀದಿಯಲ್ಲಿ ಹಾಡುತ್ತಾ ಹೋಗುವ ‘ಥ್ಯಾಂಕ್‌ಫುಲ್ ಹಾರ್ಟ್’ ಕೇಳುವಾಗ ನನಗೆ ಇದು ನೆನಪಾಗುತ್ತದೆ. ಕೇನ್ ಗಾಯಕನಲ್ಲ. ಅವನ ದನಿ ಸ್ವರದ ಅಂಚಿನಲ್ಲೇ ನಡೆಯುತ್ತದೆ, ಕೆಲವು ಕಡೆ ಬರೀ ಮಾತಾಗುತ್ತದೆ. ಜೀವಮಾನವೆಲ್ಲ ಹಾಡದೇ ಇದ್ದ ಮುದುಕ ಮೊದಲ ಸಲ ಹಾಡಿದರೆ ಹಾಗೇ ಇರಬೇಕು. ಅಲ್ಲಿ ಪಳಗಿದ ಕಂಠ ಹಾಕಿದ್ದರೆ ಆ ಹಾಡು ಕೆಟ್ಟೇ ಹೋಗುತ್ತಿತ್ತು.

ಆಲ್ಬಮ್‌ನ ಬೆನ್ನೆಲುಬು ಮಾತ್ರ ತಂಡದ ಹಳೇ ಗೊಂಬೆಯಾಟಗಾರ ಜೆರ್ರಿ ನೆಲ್ಸನ್. ಸಿನಿಮಾ ನೋಡುವಾಗ ಇದು ಹೊಳೆಯುವುದಿಲ್ಲ, ಯಾಕೆಂದರೆ ಕಣ್ಣಿಗೆ ಬೇರೆ ಬೇರೆ ಗೊಂಬೆ ಕಾಣುತ್ತದೆ. ಟೈನಿ ಟಿಮ್‌ನ ಎಳೆ ದಾರದಂಥ ದನಿ ಅವನದು. ಸ್ಕ್ರೂಜ್‌ನ ಸತ್ತ ಪಾಲುದಾರರಾಗಿ ಸರಪಳಿ ಹೊತ್ತು ಬರುವ ಮಾರ್ಲಿ ದೆವ್ವಗಳಲ್ಲಿ ಒಂದು ಅವನೇ. ಹಬ್ಬದ ಸಡಗರ ತುಂಬಿದ ‘ಇಟ್ ಫೀಲ್ಸ್ ಲೈಕ್ ಕ್ರಿಸ್ಮಸ್’ ಹಾಡುವ ದೈತ್ಯ ಭೂತದ ಎದೆತುಂಬಿದ ಕಂಠವೂ ಅವನದೇ. ಅಂಗೈ ಮೇಲೆ ಕೂರುವ ಕಪ್ಪೆಮರಿಯಿಂದ ಬಾಗಿಲಿಗೆ ಬಗ್ಗಬೇಕಾದ ದೈತ್ಯನ ತನಕ ಒಂದೇ ಗಂಟಲು. ಕಣ್ಣು ಮುಚ್ಚಿ ಈ ಹಾಡುಗಳನ್ನು ಒಂದರ ಹಿಂದೆ ಒಂದು ಕೇಳಿ. ಒಬ್ಬನೇ ಎಂದು ನಂಬಲು ನನಗಂತೂ ಹೊತ್ತು ಹಿಡಿಯಿತು.

ಮಾರ್ಲಿಗಳ ಹಾಡಿಗೂ ಒಂದು ಹಿನ್ನೆಲೆ ಇದೆ. ಡಿಕನ್ಸ್ ಬರೆದದ್ದು ಒಬ್ಬನೇ ಮಾರ್ಲಿ. ಸ್ಟಾಟ್ಲರ್ ಮತ್ತು ವಾಲ್ಡಾರ್ಫ್ ಒಬ್ಬರನ್ನೊಬ್ಬರು ಬಿಟ್ಟಿರದ ಜೋಡಿಯಾದ್ದರಿಂದ ಸಿನಿಮಾ ಇಬ್ಬರು ಅಣ್ಣತಮ್ಮಂದಿರನ್ನು ಮಾಡಿತು. ಸ್ಟಾಟ್ಲರ್‌ಗೆ ನೆಲ್ಸನ್, ವಾಲ್ಡಾರ್ಫ್‌ಗೆ ಗಾಂಜೊನನ್ನು ಆಡಿಸುವ ಡೇವ್ ಗೋಲ್ಜ್ ದನಿ ಕೊಟ್ಟರು. ಸತ್ತು ದೆವ್ವವಾದ ಇಬ್ಬರು ಬಂದು ಹಾಡುವ ಹಾಡು ಅದು. ಆ ಗೊಂಬೆಗಳನ್ನು ವರ್ಷಗಟ್ಟಲೆ ಆಡಿಸಿದ ಇಬ್ಬರು ಗೆಳೆಯರು ಆಗಷ್ಟೇ ಸತ್ತಿದ್ದರು. ಹಾಡಿನ ತುಂಬ ನಗುವೇ ಇದೆ. ರೆಕಾರ್ಡಿಂಗ್ ಕೋಣೆಯಲ್ಲಿ ನಿಂತು ಆ ನಗುವನ್ನು ನಗಬೇಕಾಗಿದ್ದವರ ಎದೆ ಹೇಗಿದ್ದಿರಬಹುದು ಎಂದು ಪ್ರತಿ ಸಲ ಅನ್ನಿಸುತ್ತದೆ.

ಇನ್ನು ಕರ್ಮಿಟ್. ಹೆನ್ಸನ್ ಹೋದ ಮೇಲೆ ಕಪ್ಪೆಯನ್ನು ಸ್ಟೀವ್ ವಿಟ್‌ಮೈರ್ ಕೈಗೆ ಕೊಟ್ಟರು. 1978ರಿಂದ ತಂಡದಲ್ಲಿದ್ದವನು, ರಿಝೋ ಇಲಿಯ ಒಡೆಯ. 1990ರ ನವೆಂಬರಿನಲ್ಲಿ ಟಿವಿಯ ಶ್ರದ್ಧಾಂಜಲಿ ಕಾರ್ಯಕ್ರಮವೊಂದರ ಕೊನೆಗೆ ಸ್ವಲ್ಪ ಹೊತ್ತು ಕರ್ಮಿಟ್ ಆಗಿದ್ದ. ಇಡೀ ಸಿನಿಮಾ ಹೊತ್ತದ್ದು ಇದೇ ಮೊದಲು. ಆಲ್ಬಮ್‌ನಲ್ಲಿ ಅವನ ಮೇಲೆ ಬೀಳುವ ಭಾರ ಇನ್ನೂ ಹೆಚ್ಚು, ಅಲ್ಲಿ ಹಸಿರು ಬಟ್ಟೆಯ ಆಸರೆ ಇಲ್ಲ, ದನಿಯೊಂದೇ. ‘ಒನ್ ಮೋರ್ ಸ್ಲೀಪ್ ಟಿಲ್ ಕ್ರಿಸ್ಮಸ್’ ಹಾಡಿನಲ್ಲಿ ಗುಮಾಸ್ತ ಕರ್ಮಿಟ್ ಕಚೇರಿಗೆ ಬೀಗ ಹಾಕಿ ಮನೆ ಕಡೆ ಹೊರಡುತ್ತಾನೆ. ಹೆನ್ಸನ್‌ನ ದನಿಯಲ್ಲಿದ್ದ ಮೂಗಿನ ಒರಟು ಇಲ್ಲಿ ತುಸು ಕಮ್ಮಿ, ದನಿ ತುಸು ಎಳೆಯದು. ನಕಲು ಮಾಡುವ ಹಟ ಕಾಣುವುದಿಲ್ಲ. ಮನೆಯ ಹಿರಿಯನ ಅಂಗಿ ತೊಟ್ಟವನು ಅದನ್ನು ಕೊಳೆ ಮಾಡದಂತೆ ನಡೆಯುತ್ತಾನಲ್ಲ, ಅಂಥ ಎಚ್ಚರ ಇದೆ. ಸಿನಿಮಾದಲ್ಲಿ ಈ ಹಾಡು ಮುಗಿಯುವಾಗ ಬೀದಿಯಲ್ಲಿ ಒಂಟಿಯಾಗಿ ನಿಂತ ಕರ್ಮಿಟ್‌ನ ಮೇಲೆ ಆಕಾಶದಲ್ಲಿ ಒಂದು ಉಲ್ಕೆ ಜಾರಿ ಹೋಗುತ್ತದೆ. ಅದು ಜಿಮ್‌ಗೆ ಸಲ್ಲಿಸಿದ ನಮನ ಎಂದೇ ಅಭಿಮಾನಿಗಳಲ್ಲಿ ಹಲವರು ತಿಳಿದಿದ್ದಾರೆ.

ಇದಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ‘ಕ್ರಿಸ್ಮಸ್ ಸ್ಕ್ಯಾಟ್’ ಎಂಬ ತುಣುಕು. ಟೈನಿ ಟಿಮ್‌ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಪ್ಪ ಮನೆಗೆ ಬರುತ್ತಿದ್ದಾನೆ. ಇಬ್ಬರೂ ಅರ್ಥವಿಲ್ಲದ ಸ್ವರಾಕ್ಷರಗಳಲ್ಲಿ ಸವಾಲ್ ಜವಾಬ್ ನಡೆಸುತ್ತಾರೆ. ಅಪ್ಪನ ದನಿ ಹೊಸಬ ವಿಟ್‌ಮೈರ್‌ನದು, ಮಗನ ದನಿ ದಶಕಗಳ ಅನುಭವಿ ನೆಲ್ಸನ್‌ನದು. ವಯಸ್ಸಿನಲ್ಲಿ ಹಿರಿಯನಾದವನು ಹೆಗಲೇರಿದ ಮಗುವಾಗಿ, ಕಿರಿಯನನ್ನು ಅಪ್ಪನ ಸ್ಥಾನದಲ್ಲಿ ನಿಲ್ಲಿಸಿ, ಅವನು ಎತ್ತಿದ ಸ್ವರಕ್ಕೆ ಸ್ವರ ಕೊಡುತ್ತಾ ಹೋಗುತ್ತಾನೆ.

ಕತ್ತರಿ

ಈಗ ಆ ಹಾಡಿಗೆ ಬರೋಣ. ಹೆಸರು ‘ವೆನ್ ಲವ್ ಈಸ್ ಗಾನ್’, ಪ್ರೀತಿ ಹೊರಟು ಹೋದಾಗ. ಹಾಡಿದವಳು ಬೆಲ್ ಪಾತ್ರದ ಮೆರೆಡಿತ್ ಬ್ರಾನ್, ಲಂಡನ್ ರಂಗಭೂಮಿಯ ಸಂಗೀತ ನಾಟಕಗಳ ನಟಿ. ದೃಶ್ಯವನ್ನು ಪೂರ್ತಿ ಚಿತ್ರೀಕರಿಸಿದ್ದರು. ಸೇತುವೆಯ ಮೇಲೆ ಬೆಲ್ ಹಾಡುತ್ತಾಳೆ. ತನ್ನ ಹಳೇ ಬದುಕನ್ನು ನೋಡಲು ಬಂದ ಮುದಿ ಸ್ಕ್ರೂಜ್ ಅವಳ ಹಿಂದೆಯೇ ನಿಂತಿದ್ದಾನೆ. ಅವಳಿಗೆ ಅವನು ಕಾಣುವುದಿಲ್ಲ. ಕೊನೆಯ ಸಾಲುಗಳಲ್ಲಿ ಅವನೂ ಒಡೆದ ದನಿಯಲ್ಲಿ ಅವಳ ಹಾಡಿಗೆ ದನಿಗೂಡಿಸುತ್ತಾನೆ. ಆ ಹೊತ್ತಿಗೆ ರಿಝೋ ಅತ್ತರೆ ಅದು ನಮ್ಮೆಲ್ಲರ ಪರವಾಗಿ ಅತ್ತಂತೆ.

ಆಗ ಡಿಸ್ನಿ ಸ್ಟುಡಿಯೋದ ಮುಖ್ಯಸ್ಥನಾಗಿದ್ದವನು ಜೆಫ್ರಿ ಕ್ಯಾಟ್ಜೆನ್‌ಬರ್ಗ್. ನಿಧಾನದ, ದೊಡ್ಡವರ ನೋವಿನ ಈ ಹಾಡಿಗೆ ಚಿಕ್ಕ ಮಕ್ಕಳು ಕೂರುವುದಿಲ್ಲ, ಚಡಪಡಿಸುತ್ತಾರೆ ಎಂಬುದು ಅವನ ವಾದ. ಬ್ರಯಾನ್‌ಗೆ ಮನಸ್ಸಿರಲಿಲ್ಲ, ಆದರೂ ಥಿಯೇಟರಿನ ಪ್ರತಿಯಿಂದ ತೆಗೆಯಲು ಒಪ್ಪಿದ. ಬದಲಿಗೆ ಚಿತ್ರ ಮುಗಿದು ಹೆಸರುಗಳು ಓಡುವಾಗ ಅಮೆರಿಕದ ಕಂಟ್ರಿ ಸಂಗೀತದ ಗಾಯಕಿ ಮಾರ್ಟಿನಾ ಮೆಕ್‌ಬ್ರೈಡ್ ಹಾಡಿದ ಇನ್ನೊಂದು ರೂಪ ಬಂತು. ಅಷ್ಟು ಹೊತ್ತಿಗೆ ಜನ ಕೋಟು ಹಾಕಿಕೊಂಡು ಬಾಗಿಲ ಕಡೆ ನಡೆದಿರುತ್ತಾರೆ.

ಕ್ಯಾಟ್ಜೆನ್‌ಬರ್ಗ್ ಹೇಳಿದ್ದರಲ್ಲಿ ಹುರುಳಿಲ್ಲ ಎನ್ನಲಾರೆ. ಐದು ವರ್ಷದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದವರಿಗೆ ಗೊತ್ತು, ಆ ಕೆಲವು ನಿಮಿಷ ಅದು ಕುರ್ಚಿಯಲ್ಲಿ ಹೊರಳಾಡುತ್ತದೆ. ಆದರೂ ಆ ನಿರ್ಧಾರ ತಪ್ಪು ಎಂದೇ ನನ್ನ ಅಭಿಪ್ರಾಯ. ಕಾರಣ ಭಾವುಕತೆಯದಲ್ಲ, ಸಂಗೀತದ ಕಟ್ಟಡದ್ದು. ಸಿನಿಮಾದ ಕೊನೆಗೆ ಕ್ರ್ಯಾಚಿಟ್ ಮನೆಯಲ್ಲಿ ಎಲ್ಲರೂ ಸೇರಿ ಹಾಡುವ ಹಾಡು ‘ವೆನ್ ಲವ್ ಈಸ್ ಫೌಂಡ್’, ಪ್ರೀತಿ ಸಿಕ್ಕಿದಾಗ. ಅದು ಬೆಲ್ ಹಾಡಿದ ರಾಗವೇ, ಮಾತು ತಿರುಗಿಸಿ ಬರೆದದ್ದು. ಸೇತುವೆಯ ಮೇಲೆ ಕಳೆದುಹೋದ ರಾಗ ಊಟದ ಮೇಜಿನ ಸುತ್ತ ಮರಳಿ ಸಿಗಬೇಕು, ಸ್ಕ್ರೂಜ್ ಬದಲಾಗಿದ್ದಾನೆ ಎಂದು ಮಾತಿಗಿಂತ ಮೊದಲು ಕಿವಿಗೆ ತಿಳಿಯಬೇಕು. ವಿಲಿಯಮ್ಸ್ ಇಟ್ಟ ಲೆಕ್ಕ ಅದು. ಮೊದಲನೆಯದನ್ನು ಕೇಳದವನಿಗೆ ಕೊನೆಯದು ಚೆಂದದ ಒಂದು ಹೊಸ ಹಾಡು, ಅಷ್ಟೇ. ಪಲ್ಲವಿಯನ್ನು ಅಳಿಸಿ, ಚರಣ ಮುಗಿಸಿ ಪಲ್ಲವಿಗೆ ಬನ್ನಿ ಅಂದ ಹಾಗಾಯಿತು.

ಗಲ್ಲಾಪೆಟ್ಟಿಗೆಯಲ್ಲಿ ಸಿನಿಮಾ ದೊಡ್ಡ ಸದ್ದು ಮಾಡಲಿಲ್ಲ. ‘ಅಲಾದ್ದೀನ್’, ‘ಹೋಮ್ ಅಲೋನ್ 2’ ಓಡುತ್ತಿದ್ದ ಕಾಲ. ಅಮೆರಿಕದಲ್ಲಿ ಸುಮಾರು 2.7 ಕೋಟಿ ಡಾಲರ್ ಗಳಿಸಿ ಸರಿಯಿತು. ಅದು ಜನರ ಮನಸ್ಸಿಗೆ ಇಳಿದದ್ದು ಮನೆಯ ಟಿವಿಯಿಂದ.

ಹುಡುಕಾಟ

ಮನೆಗಳಿಗೆ ಬಂದ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಹಾಡು ಇತ್ತು. ತೊಂಬತ್ತರ ದಶಕದ ಬ್ರಿಟನ್, ಅಮೆರಿಕದ ಮಕ್ಕಳು ಬೆಲ್‌ಳ ಹಾಡನ್ನು ಸಿನಿಮಾದ ಭಾಗವೆಂದೇ ಕೇಳಿಕೊಂಡು ಬೆಳೆದರು. ಅವರೇ ದೊಡ್ಡವರಾಗಿ, ತಮ್ಮ ಮಕ್ಕಳಿಗೆ ತೋರಿಸಲು 2012ರ ಬ್ಲೂ-ರೇ ಹಾಕಿದರೆ ಹಾಡು ಮಾಯ. ಟೇಪಿನಲ್ಲಿದ್ದದ್ದು ವಿಡಿಯೋ ದರ್ಜೆಯ ಪ್ರತಿ. ದೊಡ್ಡ ಪರದೆಯ ಗುಣಮಟ್ಟದಲ್ಲಿ ಹಾಡನ್ನು ವಾಪಸ್ ಸೇರಿಸಲು ಬೇಕಾದ ಮೂಲ ನೆಗೆಟಿವ್ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಬ್ರಯಾನ್ ಹೆನ್ಸನ್ ವರ್ಷಗಟ್ಟಲೆ ಡಿಸ್ನಿಯವರನ್ನು ಹುಡುಕಿ ನೋಡಿ ಎಂದು ಕೇಳುತ್ತಲೇ ಬಂದ.

ಈ ನಡುವಿನ ವರ್ಷಗಳಲ್ಲಿ ಆ ಹಾಡನ್ನು ಒಳ್ಳೆಯ ಗುಣಮಟ್ಟದಲ್ಲಿ, ಅದರ ಸರಿಯಾದ ಜಾಗದಲ್ಲಿ ಕೇಳಬೇಕೆಂದರೆ ಇದ್ದ ಗಟ್ಟಿ ದಾರಿ ಆಲ್ಬಮ್. ಅಲ್ಲಿ ಸ್ಕ್ರೂಜ್‌ನ ಹಳೇ ಯಜಮಾನ ಫೊಝಿವಿಗ್‌ನ ಪಾರ್ಟಿಯ ಕುಣಿತದ ವಾದ್ಯ ಮುಗಿಯುತ್ತಿದ್ದಂತೆ ಬೆಲ್‌ಳ ದನಿ ಏಳುತ್ತದೆ. ಅವಳನ್ನು ಅವನು ಮೊದಲು ಕಂಡದ್ದು ಆ ಪಾರ್ಟಿಯಲ್ಲಿ. ಕುಣಿತದ ಗದ್ದಲ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುವಾಗಲೇ ಅವಳು ಬಿಟ್ಟು ಹೋಗುವ ಹಾಡು. ಇಷ್ಟು ಹತ್ತಿರ ಹತ್ತಿರ ಇಟ್ಟಾಗ ಅದು ತಟ್ಟುವ ರೀತಿಯೇ ಬೇರೆ. ಮುಂದೆ ಕೊನೆಯ ಹಾಡು ಬಂದಾಗ ಅದೇ ರಾಗ ಗುರುತು ಹತ್ತುತ್ತದೆ. ಥಿಯೇಟರಿನಲ್ಲಿ ಕಡಿದುಹೋದ ಕೊಂಡಿ ಇಲ್ಲಿ ಒಂದಿಷ್ಟೂ ಸಡಿಲಾಗಿಲ್ಲ.

2020ರ ಡಿಸೆಂಬರಿನಲ್ಲಿ ಬ್ರಯಾನ್ ಹೆನ್ಸನ್ ಸುದ್ದಿ ಹೇಳಿದ: ಕಳೆದುಹೋದ ತುಣುಕು ಸಿಕ್ಕಿದೆ. ಸಿನಿಮಾಕ್ಕೆ 30 ವರ್ಷ ತುಂಬಿದಾಗ, 2022ರ ಡಿಸೆಂಬರ್ 9ರಂದು, ಹಾಡು ಸೇರಿಸಿದ ಪೂರ್ತಿ ಪ್ರತಿ ಡಿಸ್ನಿ ಪ್ಲಸ್‌ಗೆ ಬಂತು. ನಾನು ಅದನ್ನು ನೋಡಿದ್ದು ಆ ತಿಂಗಳಲ್ಲೇ. ಎಷ್ಟೋ ವರ್ಷ ಕಿವಿಯಲ್ಲಿ ಮಾತ್ರ ಇದ್ದ ಹಾಡಿಗೆ ಮುಖ ಬಂತು. ಮೊದಲು ಕಣ್ಣಿಗೆ ಬಿದ್ದದ್ದು ಬೆಲ್ ಅಲ್ಲ, ಅವಳ ಹಿಂದೆ ನಿಂತ ಕೇನ್‌ನ ತುಟಿ. ಹಾಡಲೋ ಬೇಡವೋ ಎಂಬಂತೆ ಅದುರುವ ಆ ತುಟಿಯನ್ನು ಯಾವ ಆಲ್ಬಮ್ಮೂ ತೋರಿಸಲಾರದು. ಆಮೇಲೆ ಇಲಿ ಅತ್ತಿತು, ಈ ಸಲ ನನಗೆ ಏನೂ ಪ್ರಶ್ನೆ ಏಳಲಿಲ್ಲ.

ಆದರೂ ಒಂದು ಕೊರತೆ ಉಳಿದುಕೊಂಡಿದೆ. ಸಿನಿಮಾದ ಹೆಸರು ಒತ್ತಿದರೆ ಓಡುವುದು ಹಾಡಿಲ್ಲದ ಪ್ರತಿಯೇ. ಪೂರ್ತಿ ಪ್ರತಿಯನ್ನು ಹೆಚ್ಚುವರಿ ವಿಭಾಗದಲ್ಲಿ ಇಟ್ಟಿದ್ದರು. ಗೊತ್ತಿದ್ದವರು ಹುಡುಕಿ ನೋಡುತ್ತಾರೆ, ಗೊತ್ತಿಲ್ಲದವರ ಮನೆಯಲ್ಲಿ ಇಲಿ ಕಾರಣವಿಲ್ಲದೆ ಅಳುತ್ತಲೇ ಇರುತ್ತದೆ. ಈ ಡಿಸೆಂಬರಿಗೆ ಮಕ್ಕಳಿಗೆ ತೋರಿಸುವವರಿದ್ದರೆ ಆ ವಿಭಾಗದೊಳಗೆ ಹೋಗಿ ಪೂರ್ತಿಯದನ್ನೇ ಹಾಕಿ. ಮಗು ಹೊರಳಾಡಿದರೆ ಹೊರಳಾಡಲಿ, ತೊಡೆಯ ಮೇಲೆ ಕೂರಿಸಿಕೊಳ್ಳಿ.

ಆಲ್ಬಮ್‌ನಲ್ಲಿ ಇನ್ನೂ ಎರಡು ಹಾಡುಗಳಿವೆ, ಸಿನಿಮಾದ ಯಾವ ಪ್ರತಿಯಲ್ಲೂ ಇಲ್ಲದವು. ಒಂದು, ಬಡವರಿಗಾಗಿ ಚಂದಾ ಎತ್ತಲು ಬರುವ ಬನ್ಸೆನ್ ಮತ್ತು ಬೀಕರ್ ಜೋಡಿಯ ‘ರೂಮ್ ಇನ್ ಯುವರ್ ಹಾರ್ಟ್’. ಇನ್ನೊಂದು, ಶಾಲೆಯ ಮೇಷ್ಟ್ರಾಗಿ ಬರುವ ಹದ್ದು ಸ್ಯಾಮ್, ಫ್ರ್ಯಾಂಕ್ ಆಝ್‌ನ ದನಿಯಲ್ಲಿ, ಎದೆಯುಬ್ಬಿಸಿ ಹಾಡುವ ‘ಚೇರ್‌ಮನ್ ಆಫ್ ದ ಬೋರ್ಡ್’. ಬೀಕರ್‌ಗೆ ಮಾತು ಬಾರದು, ‘ಮೀ ಮೀ’ ಎನ್ನುವುದೊಂದೇ ಅದರ ಭಾಷೆ. ಹಂಟ್ ಬಿಟ್ಟುಹೋದ ಆ ಗೊಂಬೆಯನ್ನೂ ವಿಟ್‌ಮೈರ್‌ನೇ ಕೈಗೆತ್ತಿಕೊಂಡಿದ್ದ. ಆ ‘ಮೀ ಮೀ’ ರಾಗವಾಗಿ ಕೇಳಬೇಕೆಂದರೆ ಇವತ್ತಿಗೂ ಆಲ್ಬಮ್ಮೇ ಹಾಕಬೇಕು.